ಸಾರ್ವತ್ರಿಕ ರಕ್ತ

ಯಾರು ದಾನ ಮಾಡಿದ ರಕ್ತವನ್ನಾದರೂ ಯಾವ ರೋಗಿಗಾದರೂ ಏರಿಸುವಂತೆ ಮಾಡುವ ವೈಜ್ಞಾನಿಕ ಪ್ರಯತ್ನ. 1901ರಲ್ಲಿ ಕಾರ್ಲ್ ಲ್ಯಾಂಡ್‌ಸ್ಟೈನರ್ ಗುರುತಿಸಿದ ಎ, ಬಿ, ಓ ಗುಂಪುಗಳ ಭೇದವಿರುವುದು ಕೆಂಪು ರಕ್ತಕಣದ ಮೇಲಿನ ಸಕ್ಕರೆ ಸರಪಳಿಯ ತುದಿಯಲ್ಲಿ. ಎ ಗುಂಪಿಗೆ ಅಲ್ಲಿ ಒಂದು ಸಕ್ಕರೆ, ಬಿ ಗುಂಪಿಗೆ ಇನ್ನೊಂದು. ಓ ಗುಂಪಿಗೆ ಎರಡೂ ಇಲ್ಲ. ಆ ತುದಿಯನ್ನು ಕತ್ತರಿಸಿದರೆ ಎಲ್ಲ ಕಣಗಳೂ ಓ ಆಗಬೇಕು. 1982ರಲ್ಲಿ ಅಮೆರಿಕದ ಜ್ಯಾಕ್ ಗೋಲ್ಡ್‌ಸ್ಟೈನ್ ತಂಡ ಕಾಫಿ ಬೀಜದ ಕಿಣ್ವದಿಂದ ಬಿ ಕಣಗಳನ್ನು ಹೀಗೆ ಬದಲಿಸಿ, ಮನುಷ್ಯರಿಗೆ ಏರಿಸಿ ನೋಡಿತು. ಎ ಗುಂಪು ಅಷ್ಟು ಸುಲಭಕ್ಕೆ ಬಗ್ಗಲಿಲ್ಲ. 2019ರಲ್ಲಿ ಕೆನಡಾದ ಸ್ಟೀಫನ್ ವಿದರ್ಸ್ ತಂಡಕ್ಕೆ ಕರುಳಿನ ಬ್ಯಾಕ್ಟೀರಿಯಾವೊಂದರಲ್ಲಿ ಅದಕ್ಕೆ ತಕ್ಕ ಜೋಡಿ ಕಿಣ್ವ ಸಿಕ್ಕಿತು. 2024ರಲ್ಲಿ ಡೆನ್ಮಾರ್ಕ್ ಮತ್ತು ಸ್ವೀಡನ್ನಿನ ಸಂಶೋಧಕರು ಅಕ್ಕರ್ಮ್ಯಾನ್ಸಿಯಾ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾದ ಕಿಣ್ವಗಳಿಂದ ಸರಪಳಿಯ ಉದ್ದನೆಯ ರೂಪಗಳನ್ನೂ ಪ್ರಯೋಗಾಲಯದಲ್ಲಿ ಕಡಿದು ತೋರಿಸಿದರು. ಈ ವಿದ್ಯೆ ಕೈಗೂಡಿದರೆ, ಹೆರಿಗೆಯಲ್ಲಿ ರಕ್ತಸ್ರಾವವಾಗಿ ಕರ್ಜಗಿಯಂಥ ಊರಿನಿಂದ ಹಾವೇರಿಗೋ ರಾಣೆಬೆನ್ನೂರಿಗೋ ಬಂದ ಬಾಣಂತಿಗೆ ತನ್ನ ಗುಂಪಿನ ರಕ್ತ ದಾಸ್ತಾನಿನಲ್ಲಿ ಇದೆಯೇ ಎಂಬ ಆತಂಕ ಬಹಳಷ್ಟು ತಗ್ಗುತ್ತದೆ.

ಆದರೂ ಇದನ್ನು ಸಾರ್ವತ್ರಿಕ ಎನ್ನುವುದು ಸರಿಯಲ್ಲ. ಕಿಣ್ವ ಆರ್‌ಎಚ್ ಅಂಶವನ್ನು ಮುಟ್ಟುವುದಿಲ್ಲ. 1952ರಲ್ಲಿ ವೈ. ಎಂ. ಭೆಂಡೆ ಮತ್ತು ಸಂಗಡಿಗರು ವರದಿ ಮಾಡಿದ ಬಾಂಬೆ ಗುಂಪಿನವರಿಗೆ ಓ ರಕ್ತವೇ ಒಗ್ಗದು. ಓ ಕಣಗಳಲ್ಲಿ ಉಳಿಯುವ ಎಚ್ ಅಂಶವೂ ಅವರಲ್ಲಿಲ್ಲ. ಇದಕ್ಕಿಂತ ಬಲವಾದ ಸಾಕ್ಷ್ಯ ಕೋಲಾರದ್ದು. ಹೃದಯದ ಶಸ್ತ್ರಚಿಕಿತ್ಸೆಗೆ ದಾಖಲಾದ ಅಲ್ಲಿನ ಮಹಿಳೆಯೊಬ್ಬರದು ಓ ಪಾಸಿಟಿವ್. ಆದರೆ ದಾಸ್ತಾನಿನಲ್ಲಿದ್ದ ಯಾವ ಓ ರಕ್ತವೂ ಹೊಂದಲಿಲ್ಲ. ಬೆಂಗಳೂರಿನ ರೋಟರಿ ಟಿಟಿಕೆ ರಕ್ತ ಕೇಂದ್ರ ಇಪ್ಪತ್ತು ಬಂಧುಗಳ ರಕ್ತವನ್ನು ಪರೀಕ್ಷಿಸಿತು, ಅದೂ ಕೂಡಲಿಲ್ಲ. ಬಾಹ್ಯ ರಕ್ತವಿಲ್ಲದೆಯೇ ಶಸ್ತ್ರಚಿಕಿತ್ಸೆ ನಡೆಯಿತು. ಬ್ರಿಟನ್ನಿನ ಬ್ರಿಸ್ಟಲ್‌ನಲ್ಲಿ ಆಕೆಯ ರಕ್ತವನ್ನು ಹತ್ತು ತಿಂಗಳು ಶೋಧಿಸಿದಾಗ ಕ್ರೋಮರ್ ಎಂಬ ರಕ್ತಗುಂಪು ವ್ಯವಸ್ಥೆಗೆ ಸೇರಿದ ಹೊಸ ಅಂಶವೊಂದು ಪತ್ತೆಯಾಗಿ, ‘ಕ್ರಿಬ್’ ಎಂಬ ಹೆಸರಿನಲ್ಲಿ 2025ರಲ್ಲಿ ಪ್ರಕಟವಾಯಿತು. ಕ್ರೋಮರ್ ಅಂಶಗಳಿರುವುದು ಕಣದ ಪೊರೆಯ ಪ್ರೋಟೀನಿನ ಮೇಲೆ. ಸಕ್ಕರೆಯ ತುದಿ ಕತ್ತರಿಸುವ ಕಿಣ್ವಕ್ಕೆ ಅಲ್ಲಿ ಕೆಲಸವಿಲ್ಲ.

ಇಂಥವರು ತೀರಾ ವಿರಳ, ಮೊದಲು ಬಹುಸಂಖ್ಯಾತರ ಕೊರತೆ ನೀಗಲಿ ಎಂಬ ವಾದವಿದೆ. ಕಿಣ್ವದ ಸಂಶೋಧನೆ ನಿಲ್ಲಬಾರದು ಎಂಬಷ್ಟಕ್ಕೆ ಅದು ಒಪ್ಪತಕ್ಕದ್ದೇ. ಆದರೆ ಹೊಂದಾಣಿಕೆಯ ತೊಡಕು ವಿರಳ ಗುಂಪಿನವರಿಗಷ್ಟೇ ಸೀಮಿತವಲ್ಲ: ಪದೇ ಪದೇ ರಕ್ತ ಏರಿಸಿಕೊಳ್ಳುವ ಥಲಸ್ಸೀಮಿಯಾ ಮಕ್ಕಳಲ್ಲಿ ಹಲವರ ದೇಹ ಕೆಲ್‌, ಆರ್‌ಎಚ್‌ನಂಥ ಅಂಶಗಳ ವಿರುದ್ಧ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಅವರಿಗೆ ಬೇಕಾದದ್ದು ಸೂಕ್ಷ್ಮವಾಗಿ ಗುಂಪು ಗುರುತಿಸುವ ಪರೀಕ್ಷೆ, ವಿರಳ ದಾನಿಗಳ ನೋಂದಣಿ, ಗ್ಲಿಸರಾಲಿನಲ್ಲಿ ಘನೀಕರಿಸಿ ಹತ್ತು ವರ್ಷದವರೆಗೂ ಕಾಪಿಡುವ ಕಣಗಳು. ಕಿಣ್ವ ಗೆದ್ದ ಮೇಲೂ ಈ ಮೂರಕ್ಕೆ ಹಣ ಬೇಕು.