ಶಸ್ತ್ರಕ್ಕಿಂತ ಮೊದಲು ಒಡಪು

ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿ ಸೀಮೆಯಲ್ಲಿ ವೀರಭದ್ರ ಮನೆದೇವರಾಗಿರುವ ಕುಟುಂಬಗಳು ಮದುವೆ, ಹರಕೆಗಳಿಗೆ ಗುಗ್ಗಳದ ಮೆರವಣಿಗೆ ತೆಗೆಯುತ್ತವೆ. ಸಮಾಳ ವಾದ್ಯದ ಬಡಿತ ಏರುತ್ತದೆ, ವೀರಭದ್ರನ ಕುಣಿತದ ಪುರವಂತರು ದಕ್ಷಯಜ್ಞದ ಕಥೆಯನ್ನು ಒಡಪಾಗಿ ಹೇಳುತ್ತಾರೆ, ಸುತ್ತಲಿನವರು ಹರಹರ ಎಂದು ದನಿಗೂಡಿಸುತ್ತಾರೆ. ಆಮೇಲಷ್ಟೇ ಹರಕೆ ಹೊತ್ತವರ ಕೆನ್ನೆಯಲ್ಲಿ ಶಸ್ತ್ರ ದಾಟುತ್ತದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಂಚಾವೀರರು ತಮ್ಮ ಕಾಲನ್ನೇ ಚುಚ್ಚಿಕೊಂಡು ಪವಾಡ ಮಾಡುವುದೂ ಡಮರು, ಭಂಡಾರ, ಜನಸ್ತೋಮಗಳ ನಡುವೆಯೇ. ಎಲ್ಲಿಯೂ ಶಸ್ತ್ರ ಮೊದಲು ಬರುವುದಿಲ್ಲ. ಈ ಕ್ರಮ ಬರೀ ಆಚರಣೆಯ ಅಲಂಕಾರವಲ್ಲ, ನೋವು ಎಲ್ಲಿ ಹುಟ್ಟುತ್ತದೆ ಎಂಬುದರ ಬಗ್ಗೆ ತಲೆಮಾರುಗಳಿಂದ ಬಂದ ತಿಳಿವಳಿಕೆ ಎಂಬುದು ನನ್ನ ವಾದ. ಚೀನಾದ ಸೂಜಿಚಿಕಿತ್ಸೆಯಾದ ಅಕ್ಯುಪಂಕ್ಚರ್ ಕುರಿತ ಸಂಶೋಧನೆ ಅರ್ಧ ಶತಮಾನದಲ್ಲಿ ಕಂಡುಕೊಂಡದ್ದೂ ಈ ತಿಳಿವಳಿಕೆಗೆ ಹತ್ತಿರದ್ದೇ.

ಸೂಜಿ ಚರ್ಮವನ್ನು ದಾಟಿದಾಗ ಸಣ್ಣ ನರತಂತುಗಳು ಬೆನ್ನುಹುರಿಯ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಮಿದುಳು ಅದನ್ನು ಸುಮ್ಮನೆ ಕೇಳಿಸಿಕೊಂಡು ಕೂರುವುದಿಲ್ಲ. ಮಿದುಳಕಾಂಡದಿಂದ ಕೆಳಗಿಳಿಯುವ ಆಜ್ಞೆಗಳು ಬೆನ್ನುಹುರಿಯಲ್ಲೇ ನೋವಿನ ಬಾಗಿಲನ್ನು ಅರೆಮುಚ್ಚಬಲ್ಲವು. ದೇಹವೇ ತಯಾರಿಸುವ, ಅಫೀಮಿನಂತೆ ಕೆಲಸ ಮಾಡುವ ಎಂಡಾರ್ಫಿನ್‌ಗಳಿಗೆ ಇದರಲ್ಲಿ ಪಾಲಿದೆ. 1977ರಲ್ಲಿ ಮೇಯರ್ ಮತ್ತು ಸಂಗಡಿಗರು ಸೂಜಿಯಿಂದ ತಗ್ಗಿದ ನೋವು, ಎಂಡಾರ್ಫಿನ್‌ಗಳ ಕೆಲಸವನ್ನು ತಡೆಯುವ ನ್ಯಾಲಾಕ್ಸೋನ್ ಎಂಬ ಔಷಧಿ ಕೊಟ್ಟಾಗ ಮರಳುವುದನ್ನು ವರದಿ ಮಾಡಿದರು. ಮರುವರ್ಷ ಲೆವಿನ್, ಗಾರ್ಡನ್, ಫೀಲ್ಡ್ಸ್ ಹಲ್ಲು ಕೀಳಿಸಿಕೊಂಡವರಲ್ಲಿ, ಔಷಧಿಯಿಲ್ಲದೆ ಬರೀ ನಂಬಿಕೆಯಿಂದ ನೋವು ತಗ್ಗುವುದಕ್ಕೂ ಅದೇ ನ್ಯಾಲಾಕ್ಸೋನ್ ಅಡ್ಡಬರುವುದನ್ನು ತೋರಿಸಿದರು. ಅಂದರೆ ಸೂಜಿ ಮತ್ತು ನಿರೀಕ್ಷೆ ಎರಡೂ ಒಂದೇ ಕೀಲಿಕೈ ಬಳಸಬಲ್ಲವು. ಸ್ವಾಯತ್ತ ನರಮಂಡಲವೂ ಜೊತೆಗೂಡುತ್ತದೆ. ಭಯದಲ್ಲಿ ಎದೆಬಡಿತ ಏರಿಸುವ ಶಾಖೆಯೂ ಶಮನದಲ್ಲಿ ಅದನ್ನು ಇಳಿಸುವ ವೇಗಸ್ ನರವೂ ಮನಸ್ಸಿನ ಸ್ಥಿತಿಗೆ ಓಗೊಡುತ್ತವೆ. ಗುಗ್ಗಳದ ವಾದ್ಯ, ಒಡಪು, ಸಮೂಹ ಮುಟ್ಟುವುದು ಈ ಸ್ಥಿತಿಯನ್ನೇ.

ಹಾಗಾದರೆ ಸೂಜಿ ಚುಚ್ಚುವ ಜಾಗಕ್ಕೆ ಬೆಲೆಯಿಲ್ಲವೇ ಎಂದು ಕೇಳಬಹುದು. ಪೂರ್ತಿ ಇಲ್ಲವೆನ್ನಲಾಗದು. 2021ರಲ್ಲಿ ಹಾರ್ವರ್ಡ್‌ನ ಚ್ಯೂಫು ಮಾ ತಂಡ ಇಲಿಗಳ ಹಿಂಗಾಲಿನ ಒಂದು ಬಿಂದುವಿನಲ್ಲಿ ಸೂಜಿಯ ಮೂಲಕ ಮೆಲು ವಿದ್ಯುತ್ ಹರಿಸಿದಾಗ ವೇಗಸ್ ನರ ಎಚ್ಚೆತ್ತು ಉರಿಯೂತ ಇಳಿಯಿತು, ಹೊಟ್ಟೆಯ ಮೇಲಿನ ಬಿಂದುವಿಗೆ ಆ ಗುಣ ಕಾಣಲಿಲ್ಲ. ಆದರೆ ಮನುಷ್ಯರ ನೋವಿನ ಲೆಕ್ಕ ಬೇರೆ. 2007ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನದಲ್ಲಿ 1162 ಬೆನ್ನುನೋವಿನ ರೋಗಿಗಳಿದ್ದರು. ಶಾಸ್ತ್ರೋಕ್ತ ಬಿಂದುಗಳಿಗೆ ಚುಚ್ಚಿಸಿಕೊಂಡವರಲ್ಲಿ ಶೇ 47.6, ಬಿಂದುಗಳಲ್ಲದ ಕಡೆ ತೆಳುವಾಗಿ ಚುಚ್ಚಿಸಿಕೊಂಡವರಲ್ಲಿ ಶೇ 44.2, ವಾಡಿಕೆಯ ಚಿಕಿತ್ಸೆ ಪಡೆದವರಲ್ಲಿ ಶೇ 27.4 ಮಂದಿಗೆ ಗುಣ ಕಂಡಿತು. ನೋವಿನ ಶಮನದಲ್ಲಿ ಚುಚ್ಚಿದ ಜಾಗಕ್ಕಿಂತ ಚುಚ್ಚುವ ಸಂದರ್ಭದ ಪಾಲೇ ದೊಡ್ಡದು ಎಂಬ ಈ ಪಾಠವನ್ನು ನಮ್ಮ ಸಿಡಿಯ ಇತಿಹಾಸವೂ ಹೇಳುತ್ತದೆ. ಬಳ್ಳಾರಿ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ದಕ್ಷಿಣದ ಅಮ್ಮನ ಜಾತ್ರೆಗಳಲ್ಲಿ ಬೆನ್ನಿನ ಮಾಂಸಕ್ಕೆ ಕೊಕ್ಕೆ ಸಿಕ್ಕಿಸಿ ಹರಕೆಯವರನ್ನು ಸಿಡಿಮರಕ್ಕೇರಿಸುತ್ತಿದ್ದರು. ಎಡ್ಗರ್ ಥರ್ಸ್ಟನ್ 1906ರ ತನ್ನ ಗ್ರಂಥದಲ್ಲಿ ಈ ಪದ್ಧತಿಗೆ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟ. ಸರ್ಕಾರದ ಒತ್ತಡಕ್ಕೆ ಕೊಕ್ಕೆ ಮಾಂಸದಿಂದ ಸೊಂಟದ ಬಟ್ಟೆಗೆ ಸರಿಯಿತು. ಆದರೂ ಸಿಡಿ ಉಳಿಯಿತು, ಹರಕೆ ತೀರಿಸಿದ ನೆಮ್ಮದಿಯೂ ಉಳಿಯಿತು. ಆ ನೆಮ್ಮದಿಯ ಬೇರು ಕೊಕ್ಕೆಯೊಂದರಲ್ಲೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ.

ಭಕ್ತಿಯನ್ನು ನರಗಳ ಲೆಕ್ಕಕ್ಕೆ ಇಳಿಸುವುದು ಅದಕ್ಕೆ ಮಾಡುವ ಅವಮಾನ ಎಂಬ ಆಕ್ಷೇಪವಿದೆ. ಕೆನ್ನೆಗೆ ರಕ್ತಸಂಚಾರ ಹೆಚ್ಚು, ಗಾಯ ಬೇಗ ಮಾಯುತ್ತದೆ, ಇದರಲ್ಲಿ ಪವಾಡವೇನಿದೆ ಎಂಬ ಎದುರುಮಾತೂ ಇದೆ. ಮಾಯುವುದು ಆಮೇಲಿನ ಮಾತು, ಚುಚ್ಚುವ ಕ್ಷಣದ ನೋವಿಗೆ ಅದು ಉತ್ತರವಲ್ಲ. ಇನ್ನು ಭಕ್ತಿ ನರಗಳಲ್ಲಿ ಕೆಲಸ ಮಾಡುತ್ತದೆ ಎಂದರೆ ಅದು ಸುಳ್ಳೆಂದಲ್ಲ, ಮೈಗೆ ಮುಟ್ಟುವಷ್ಟು ನಿಜ ಎಂದೇ ಅರ್ಥ. ಶಸ್ತ್ರ ಚಿಕಿತ್ಸೆಯಲ್ಲ, ಅದು ಹರಕೆ. ಎರಡನ್ನೂ ಒಂದೆನ್ನಬೇಕಿಲ್ಲ. ಆದರೆ ನಂಬಿಕೆ ನೋವನ್ನು ತಗ್ಗಿಸಬಹುದೇ ಹೊರತು ಧನುರ್ವಾಯುವನ್ನೋ ಹೆಪಟೈಟಿಸ್ ಬಿ ಸೋಂಕನ್ನೋ ತಡೆಯಲಾರದು. ಅಕ್ಯುಪಂಕ್ಚರ್ ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸದ ಶಿಸ್ತಿಗೆ ಬಂದಿದೆ. ಶಸ್ತ್ರವೂ ಆ ಶಿಸ್ತಿಗೆ ಬರಬೇಕು. ಮಾಂಸದಿಂದ ಕೊಕ್ಕೆ ಸರಿದಾಗಲೂ ಸಿಡಿಯ ಹರಕೆ ಕೆಡಲಿಲ್ಲ. ಶಸ್ತ್ರವನ್ನು ಪೂರ್ತಿ ಕ್ರಿಮಿಶುದ್ಧ ಮಾಡಿ ಒಬ್ಬರಿಗೊಂದರಂತೆ ಬಳಸಿದರೆ ಒಡಪಿನ ಬಲವೇನೂ ಕುಂದದು.