ಊರ ಹೊರಗಿನ ಗುಡಿಸಲು ಕಲಿಸಿದ ಪಾಠ

ತಿಪಟೂರು ನಿಲ್ದಾಣದಲ್ಲಿ ನಿಂತರೆ ಹುಬ್ಬಳ್ಳಿ-ಬೆಂಗಳೂರು ರೈಲುಗಳನ್ನು ನೀವು ನೋಡಬಹುದು. 1898ರಲ್ಲಿ ಈ ಮಾರ್ಗದಲ್ಲಿ ಪ್ರಯಾಣಿಕರ ಜೊತೆ ರೋಗವೊಂದೂ ಸಾಗಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡಿದ್ದ ಪ್ಲೇಗು ಹುಬ್ಬಳ್ಳಿ ಕಡೆಯಿಂದ ರೈಲಿನ ಮೂಲಕ 1898ರ ಆಗಸ್ಟ್‌ನಲ್ಲಿ ಬೆಂಗಳೂರು ತಲುಪಿತು.

ಪ್ಲೇಗಿಗೆ ಕಾರಣವಾದ ಬ್ಯಾಕ್ಟೀರಿಯವನ್ನು ಅಲೆಕ್ಸಾಂಡರ್ ಯೆರ್ಸಿನ್ 1894ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಗುರುತಿಸಿದ್ದ. ಅದು ಇಲಿಯಿಂದ ಮನುಷ್ಯನಿಗೆ ಚಿಗಟದ ಮೂಲಕ ದಾಟುತ್ತದೆಂದು ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದ. ಆದರೆ ಹಲವು ವರ್ಷ ತಜ್ಞರು ಅದನ್ನು ಒಪ್ಪಲಿಲ್ಲ.

ನಮ್ಮ ಹಳ್ಳಿಗರಿಗೆ ಚಿಗಟದ ವಿಷಯ ತಿಳಿದಿರಲಿಲ್ಲ. ಆದರೂ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ನಿಮ್ಮ ಊರಿನ ಹಿರಿಯರನ್ನು ಕೇಳಿ, ಇಂಥ ನೆನಪುಗಳು ಸಿಗಬಹುದು. ಗಟ್ಟಿ ಗೋಡೆಯ ಮನೆಗಿಂತ ಸೋಗೆಯ ಗುಡಿಸಲು ಸುರಕ್ಷಿತವಾದದ್ದು ಹೇಗೆ? ಪ್ಲೇಗು ಹರಡಿದ ಕಪ್ಪು ಇಲಿ ತೆಂಗಿನ ಮರವನ್ನೂ ಮನೆಯ ಅಟ್ಟವನ್ನೂ ಸಲೀಸಾಗಿ ಏರುವ ಪ್ರಾಣಿ. ದವಸ ತುಂಬಿದ, ಬೆಳಕಿಲ್ಲದ ಮನೆ ಅದಕ್ಕೆ ಪ್ರಿಯ. ಊರು ಬಿಟ್ಟವರು ಇಲಿಯನ್ನೂ ಚಿಗಟವನ್ನೂ ಹಿಂದೆ ಬಿಟ್ಟು ಹೋಗುತ್ತಿದ್ದರು.

ಬೆಂಗಳೂರಿನ ಪೇಟೆಯಲ್ಲಿ ಮನೆಗೆ ಮನೆ ಅಂಟಿಕೊಂಡಿತ್ತು. ಅಗಲ ಬೀದಿಗಳ, ಬಿಡಿಬಿಡಿ ಮನೆಗಳ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಪ್ಲೇಗಿನ ನಂತರ ವೇಗವಾಗಿ ಬೆಳೆದವು. ನಿವೇಶನ ಕೊಳ್ಳಬಲ್ಲವರು ಅಲ್ಲಿಗೆ ಹೋದರು. ಕೊಳ್ಳಲಾಗದ ಅನೇಕರು ಇಕ್ಕಟ್ಟಿನಲ್ಲೇ ಉಳಿದರು.

ಇಂದಿನ ನಗರದ ಗುಡಿಸಲು ಪ್ರದೇಶವನ್ನು ಈ ಹಿನ್ನೆಲೆಯಲ್ಲಿ ನೋಡಿ. ಅಲ್ಲಿಯೂ ಇರುವುದು ಗುಡಿಸಲೇ, ಆದರೆ ಸುತ್ತ ಹೊಲವಿಲ್ಲ. ಗಾಳಿಯಾಡದ ಒಂದೇ ಕೋಣೆಯಲ್ಲಿ ಐದಾರು ಜನ ಮಲಗಿದರೆ, ಒಬ್ಬರು ಕೆಮ್ಮಿದಾಗ ಕ್ಷಯದ ರೋಗಾಣುಗಳು ಉಳಿದವರನ್ನು ಸುಲಭವಾಗಿ ತಲುಪುತ್ತವೆ. ನಲ್ಲಿಯಲ್ಲಿ ದಿನವೂ ನೀರು ಬಾರದಿದ್ದರೆ ಡ್ರಮ್ಮಿನಲ್ಲಿ ಹಿಡಿದಿಡಲೇಬೇಕು. ಮುಚ್ಚಳವಿಲ್ಲದ ಆ ನೀರಿನಲ್ಲೇ ಡೆಂಗೆ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ಚರಂಡಿಯ ಪಕ್ಕದ ಒಡೆದ ಕೊಳವೆ ವಾಂತಿಭೇದಿಗೆ ದಾರಿ. ಇವುಗಳಲ್ಲಿ ಯಾವುದು ನಿವಾಸಿಯ ತಪ್ಪು?

‘ಶುಚಿಯಾಗಿರಿ’ ಎಂದು ವಿದ್ಯಾರ್ಥಿಗಳಿಗೆ ಹೇಳುವುದು ಸುಲಭ. ಶಿಕ್ಷಕರೇ, ಅದಕ್ಕೆ ಮುಂಚೆ ಅವರೊಡನೆ ಒಂದು ಬೀದಿಯನ್ನು ಸುತ್ತಿ ಬನ್ನಿ. ನಲ್ಲಿ ಎಷ್ಟು ದೂರ? ನೀರು ಎಷ್ಟು ದಿನಕ್ಕೊಮ್ಮೆ? ಮನೆಗೆ ಕಿಟಕಿಗಳೆಷ್ಟು? ಬರೆದಿಟ್ಟುಕೊಳ್ಳಿ. ರೋಗಾಣುವನ್ನು ಕಾಣಲು ಸೂಕ್ಷ್ಮದರ್ಶಕ ಬೇಕು. ಅದಕ್ಕೆ ದಾರಿ ಮಾಡಿಕೊಟ್ಟ ಪರಿಸ್ಥಿತಿಯನ್ನು ಕಾಣಲು ಬರಿಗಣ್ಣು ಸಾಕು.