ಒರೆಗಲ್ಲಿನ ನ್ಯಾಯ

ಅಕ್ಕಸಾಲಿಗನು ಚಿನ್ನದ ಗುಣವನ್ನು ಬರಿಗಣ್ಣಿನಿಂದ ನಿರ್ಣಯಿಸುವುದಿಲ್ಲ. ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಪಕ್ಕದಲ್ಲಿಯೇ ಗುಣ ಗೊತ್ತಿರುವ ಚಿನ್ನದ ಗೆರೆಯನ್ನೂ ಎಳೆದು ಹೋಲಿಸುತ್ತಾನೆ. ಎರಡು ಗೆರೆಗಳಿಗೂ ಕಲ್ಲು ಒಂದೇ ಆಗಿರಬೇಕು. ಇಲ್ಲವಾದರೆ ಹೋಲಿಕೆಗೆ ಬೆಲೆಯಿಲ್ಲ. ಉದ್ಯಮಿಗಳು ‘ಬೆಂಚ್‌ಮಾರ್ಕಿಂಗ್’ ಎಂದು ಕರೆಯುವುದು ಈ ಒರೆ ಹಚ್ಚುವ ಕೆಲಸವನ್ನೇ. ಅದನ್ನು ಹೇಗೆ ನಡೆಸಬೇಕೆಂಬುದಕ್ಕೆ ಮೋಟಾರು ಕಾರುಗಳ ಚರಿತ್ರೆಯಲ್ಲಿ ಒಳ್ಳೆಯ ನಿದರ್ಶನವಿದೆ.

1970ರ ದಶಕದಿಂದ ಜಪಾನಿನ ಕಾರುಗಳು ಅಮೆರಿಕದ ಮಾರುಕಟ್ಟೆಯನ್ನು ಬಲವಾಗಿ ಹೊಕ್ಕವು. ಸೋಲಿನ ಕಾರಣ ಕೇಳಿದವರಿಗೆ ಉತ್ತರ ಸಿದ್ಧವಾಗಿಯೇ ಇತ್ತು: ಜಪಾನಿನ ಕೆಲಸಗಾರನು ಹುಟ್ಟಿನಿಂದಲೇ ಶಿಸ್ತುಗಾರ, ಅಮೆರಿಕದವನು ಮೈಗಳ್ಳ. ಕುಣಿಯಲಾರದವಳು ನೆಲ ಡೊಂಕು ಎಂದ ಹಾಗೆ!

1986ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಮಾತನ್ನು ಒರೆಗೆ ಹಚ್ಚಿದರು. ಜನರಲ್ ಮೋಟಾರ್ಸ್‌ನ ಫ್ರೇಮಿಂಗ್‌ಹ್ಯಾಮ್ ಕಾರ್ಖಾನೆಯಲ್ಲಿ ಒಂದು ಕಾರಿನ ಜೋಡಣೆಗೆ ಸುಮಾರು 41 ಗಂಟೆಗಳ ದುಡಿಮೆ. ಟೊಯೋಟಾದ ತಕಾವೊಕದಲ್ಲಿ 18 ಗಂಟೆ. ಬೇರೆಯವರಾಗಿದ್ದರೆ ಇಷ್ಟಕ್ಕೇ ತೀರ್ಪು ಕೊಟ್ಟುಬಿಡುತ್ತಿದ್ದರು. ಇವರು ಹಾಗೆ ಮಾಡಲಿಲ್ಲ. ಎರಡೂ ಕಡೆ ತಯಾರಾಗುವ ಕಾರುಗಳ ವ್ಯತ್ಯಾಸವೇನು, ಯಾವ ಕಾರ್ಖಾನೆ ಯಾವ ಕೆಲಸವನ್ನು ತಾನೇ ಮಾಡುತ್ತದೆ ಎಂದು ವಿಚಾರಿಸಿ, ಸಮನಾದ ಕೆಲಸಕ್ಕೆ ಲೆಕ್ಕ ಹಾಕಿದರು. ಆಗ ಅಂಕಿಗಳು 31 ಮತ್ತು 16 ಆದವು. ಅಂತರ ಕುಗ್ಗಿತು, ಆದರೆ ಅಳಿಯಲಿಲ್ಲ. ಹಾಗೆ ಉಳಿದುದೇ ನಿಜವಾದ ಅಂತರ.

ಅಂತರವೇನೋ ದಿಟ, ಕಾರಣ ಯಾವುದು? ಇದಕ್ಕೆ ಸಾಕ್ಷಿ ಕ್ಯಾಲಿಫೋರ್ನಿಯದಲ್ಲಿ ದೊರೆಯಿತು. ಗೈರುಹಾಜರಿಗೂ ಜಗಳಕ್ಕೂ ಹೆಸರಾಗಿದ್ದ ಜನರಲ್ ಮೋಟಾರ್ಸ್‌ನ ಫ್ರೀಮಾಂಟ್ ಕಾರ್ಖಾನೆ 1982ರಲ್ಲಿ ಮುಚ್ಚಿತ್ತು. 1984ರಲ್ಲಿ ಅದೇ ಸಂಸ್ಥೆ ಟೊಯೋಟಾದೊಡನೆ ಕೂಡಿ, ‘ನಮ್ಮಿ’ ಎಂಬ ಹೆಸರಿನಲ್ಲಿ ಅದನ್ನು ತೆರೆಯಿತು. ಕೆಲಸಗಾರರಲ್ಲಿ ಬಹುಪಾಲು ಹಳಬರೇ. ಕಾರ್ಮಿಕ ಸಂಘವೂ ಹಳೆಯದೇ. ಬದಲಾದುದು ಕೆಲಸದ ಏರ್ಪಾಡು: ತಪ್ಪು ಕಂಡ ಕೆಲಸಗಾರನು ಹಗ್ಗ ಎಳೆದು ಸಾಲನ್ನೇ ನಿಲ್ಲಿಸಬಹುದಾಗಿತ್ತು. ಕೆಲವೇ ವರ್ಷಗಳಲ್ಲಿ ಅಲ್ಲಿ ಒಂದು ಕಾರಿಗೆ 19 ಗಂಟೆ ಸಾಕಾಯಿತು. ನೂರು ಕಾರುಗಳಿಗೆ ದೋಷಗಳು 45, ತಕಾವೊಕದಲ್ಲಿ ಇದ್ದಷ್ಟೇ. ನೆಲ ಡೊಂಕಾಗಿರಲಿಲ್ಲ!

ಈ ಸಾಕ್ಷಿಯನ್ನೂ ಪಾಟೀಸವಾಲಿಗೆ ಗುರಿಮಾಡಬೇಕು. ಎರಡು ವರ್ಷ ಕೆಲಸವಿಲ್ಲದೆ ಕಳೆದವರಿಗೆ ಮತ್ತೆ ಸಿಕ್ಕಿದ ಕೆಲಸದ ಮೇಲೆ ಹೆಚ್ಚಿನ ಶ್ರದ್ಧೆ ಇದ್ದೀತು. ಆದರೂ ‘ಹುಟ್ಟುಗುಣ’ದ ವಾದಕ್ಕೆ ಇನ್ನು ನಿಲ್ಲಲು ನೆಲೆಯಿರಲಿಲ್ಲ.

ಕ್ಯಾಲಿಫೋರ್ನಿಯದ ವ್ಯಾನ್ ನೈಸ್ ಕಾರ್ಖಾನೆಯಲ್ಲಿಯೂ ಜನರಲ್ ಮೋಟಾರ್ಸ್ ಈ ರೀತಿಯನ್ನು ಅನುಸರಿಸಲು ಹೊರಟಿತು. ತಂಡಗಳನ್ನು ಕಟ್ಟಿದರು, ಪರಸ್ಪರ ನಂಬಿಕೆಯನ್ನು ಕಟ್ಟಲಾಗಲಿಲ್ಲ. 1992ರಲ್ಲಿ ಅದು ಮುಚ್ಚಿತು. ಹಗ್ಗವನ್ನು ತೂಗುಹಾಕುವುದು ಸುಲಭ. ಅದನ್ನು ಎಳೆದವನನ್ನು ಗದರಿಸದಿರುವುದು ಕಷ್ಟ.

ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟ ಮಾತ್ರಕ್ಕೆ ಹೋಲಿಕೆಯಾಗದು. ಅವು ಒಂದೇ ಬಗೆಯ ಕೆಲಸದವೇ, ಕಾರಣವೆಂದು ಹೇಳಿದ್ದೇ ಕಾರಣವೇ ಎಂಬೆರಡು ಪ್ರಶ್ನೆಗಳನ್ನು ಕೇಳಲೇಬೇಕು. ಕೇಳದೆ ಕೊಟ್ಟ ತೀರ್ಪಿನ ಶಿಕ್ಷೆ ಅಂಕಿಗಳ ಮೇಲೆ ಬೀಳುವುದಿಲ್ಲ. ದುಡಿಯುವವನ ಅನ್ನದ ಮೇಲೆ ಬೀಳುತ್ತದೆ.